ಮೊದಲು ಮಡಿಲು, ಆಮೇಲೆ ಸಹಿ

ನನ್ನ ಅಂಗಡಿಯಲ್ಲಿ ಯಾವ ಹೆಂಗಸೂ ಅಳುವುದಿಲ್ಲ. ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ.

ನಾನು ಪತ್ರ ಬರೆಯುವವಳು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಲ್ಲವನ್ನೂ ಬರೆಯುತ್ತೇನೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಹಕ್ಕು ಬಿಡುಗಡೆ ಪತ್ರಕ್ಕೆ. ಅಪ್ಪನ ಜಮೀನಿನಲ್ಲಿ ತಮಗಿರುವ ಪಾಲನ್ನು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಪತ್ರ ಅದು. ಜಿಲ್ಲೆಯ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು ಎಂದಾದ ಮೇಲೆ ಚಿಂತಾಮಣಿಯವರೂ ಗೌರಿಬಿದನೂರಿನವರೂ ಚಿಕ್ಕಬಳ್ಳಾಪುರಕ್ಕೆ, ನನ್ನ ಹತ್ತಿರಕ್ಕೇ ಬರುತ್ತಾರೆ. "ತನುಜಮ್ಮನ ಹತ್ರ ಹೋಗಿ, ಅಕ್ಕತಂಗೀರು ಕಮಕ್ ಕಿಮಕ್ ಅನ್ನದೆ ಸಹಿ ಹಾಕ್ತಾರೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರಂತೆ. ಕಳೆದ ಮಾರ್ಚಿನಲ್ಲಿ ಮಹಿಳಾ ದಿನಕ್ಕೆ ಕಾಲೇಜಿನವರು ನನಗೆ ಶಾಲು ಹೊದಿಸಿ, ಹುಡುಗಿಯರ ಮುಂದೆ ನಿಲ್ಲಿಸಿ, ವೃತ್ತಿಯಲ್ಲಿ ಗೆಲ್ಲುವುದು ಹೇಗೆ ಎಂದು ಮಾತಾಡಿಸಿದರು. ನಂಬಿಕೆ ಗಳಿಸಬೇಕು ಎಂದೆ. ಚಪ್ಪಾಳೆ ತಟ್ಟಿದರು.

ನಂಬಿಕೆಯನ್ನು ನಾನು ಗಳಿಸಿದ್ದು ಒಂದು ಉಪಾಯದಿಂದ. ಅದನ್ನು ಕಾಲೇಜಿನಲ್ಲಿ ಹೇಳಲಿಲ್ಲ.

ಹದಿನೈದು ವರ್ಷದ ಹಿಂದೆ ಒಬ್ಬಳು ತಂಗಿ, ಅಧಿಕಾರಿಯ ಮುಂದೆ ಕುಳಿತು, ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡ ಮೇಲೆ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಅಣ್ಣ ಕಚೇರಿಯ ಹೊರಗೆ ನಿಂತು ನನ್ನನ್ನು ಬಾಯಿಗೆ ಬಂದಂತೆ ಬೈದ. ಆ ರಾತ್ರಿ ಬಹಳ ಯೋಚಿಸಿದೆ. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಟು ನಿಂತಾಗ ಮಡಿಲು ತುಂಬಿ ಕಳಿಸುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ವೀಳ್ಯದೆಲೆ, ಮೇಲೊಂದು ಸೀರೆ. ಪಾಲು ಬಿಟ್ಟ ಅಕ್ಕತಂಗಿಯರಿಗೂ ಎಲ್ಲ ಮುಗಿದ ಮೇಲೆ ಅರಿಶಿನ ಕುಂಕುಮಕ್ಕೆ ಅಂತ ಹಾಗೇ ಕೊಡುತ್ತಿದ್ದರು. ಹೋಗುವಾಗ ತುಂಬುವ ಆ ಮಡಿಲನ್ನು ನಾನು ಬಂದ ಕೂಡಲೇ ತುಂಬಿಸಲು ಶುರು ಮಾಡಿದೆ. ಸಹಿಗೆ ಮುಂಚೆ. ನನ್ನ ಅಂಗಡಿಯಲ್ಲೇ.

ತವರಿನ ಅಕ್ಕಿಯನ್ನು ಸೆರಗಿನಲ್ಲಿ ಹಿಡಿದು ಕುಳಿತವಳು ಇಲ್ಲ ಎನ್ನುವುದು ಹೇಗೆ? ಎದ್ದು ಹೋಗೋಣವೆಂದರೆ ಎರಡು ಕೈಯೂ ಸೆರಗು ಹಿಡಿದಿರುತ್ತವೆ. ಸಹಿ ಹಾಕಲೆಂದು ಒಂದು ಕೈ ಬಿಡಿಸಿದರೆ ಸಾಕು. ಈಗ ನಮ್ಮ ಬೀದಿಯ ಉಳಿದ ಪತ್ರ ಬರಹಗಾರರೂ ಸ್ಟೀಲಿನ ತಟ್ಟೆ ಇಟ್ಟುಕೊಂಡಿದ್ದಾರೆ. ನನ್ನ ಮೇಜಿನ ಖಾನೆಯಲ್ಲಿ ಸ್ಟಾಂಪ್ ಪ್ಯಾಡಿನ ಪಕ್ಕದಲ್ಲೇ ಅರಿಶಿನದ ಕೊಂಬಿನ ಪೊಟ್ಟಣ ಇರುತ್ತದೆ. ಖಾನೆ ಎಳೆದಾಗ ಮಸಿ ಮತ್ತು ಅರಿಶಿನ ಬೆರೆತ ಒಂದು ವಾಸನೆ ಬರುತ್ತದೆ. ಇತ್ತೀಚೆಗೆ ಅದು ನನ್ನ ಬೆರಳುಗಳಿಂದಲೂ ಬರುತ್ತಿದೆ ಅನ್ನಿಸಿ, ಊಟಕ್ಕೆ ಕೂರುವ ಮುಂಚೆ ಎರಡು ಸಲ ಸೋಪು ಹಾಕಿ ತೊಳೆಯುತ್ತೇನೆ.

ಮೊನ್ನೆ ಗುರುವಾರ ಮಂಡಿಕಲ್ ಕಡೆಯ ಅಣ್ಣತಮ್ಮಂದಿರಿಬ್ಬರು ಬಂದರು. ದೊಡ್ಡವನು ಮೋಹನ್‌ಬಾಬು, ಚಿಕ್ಕವನು ರಮೇಶ್‌ಬಾಬು. ಅವರ ಅಪ್ಪ ಮುನಿವೆಂಕಟಪ್ಪ ಸತ್ತು ಹತ್ತು ವರ್ಷವಾಗಿತ್ತು. ಅಪ್ಪನ ಹೆಸರಿನಿಂದ ಮಕ್ಕಳ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವಾಗ, ತಕರಾರಿಲ್ಲ ಎಂದು ಇವರ ಅಕ್ಕನಿಂದ ಒಂದು ಕಾಗದ ಬರೆಸಿಕೊಂಡಿದ್ದರು. ಆ ಕಾಗದವನ್ನು ಬರೆದವಳೂ ನಾನೇ. ಅಲ್ಲಿಗೆ ಅಕ್ಕನ ಕಥೆ ಮುಗಿಯಿತು ಎಂದುಕೊಂಡಿದ್ದರು. ಈಗ ಜಮೀನನ್ನು ಲೇಔಟಿನವರಿಗೆ ಕೊಡಲು ಹೋದಾಗ, ಆ ಕಾಗದಕ್ಕೆ ಬೆಲೆಯಿಲ್ಲ, ಅಕ್ಕನ ಮೂರನೇ ಒಂದು ಪಾಲು ಹಾಗೇ ಇದೆ, ನೋಂದಣಿಯಾದ ಬಿಡುಗಡೆ ಪತ್ರ ತನ್ನಿ ಎಂದು ಲೇಔಟಿನವರ ವಕೀಲರು ವಾಪಸ್ಸು ಕಳಿಸಿದ್ದರು.

ಅಕ್ಕ ಹಿಂದೆ ಬಸ್ಸಿನಲ್ಲಿ ಬರುತ್ತಿದ್ದಳು. ತಮ್ಮಂದಿರು ಕಾರಿನಲ್ಲಿ ಮೊದಲೇ ಬಂದಿದ್ದರು.

"ಅಕ್ಕಂಗೆ ಇದೆಲ್ಲ ಬಿಡಿಸಿ ಹೇಳೋಕೆ ಹೋಗ್ಬೇಡಿ ತನುಜಮ್ಮ" ಎಂದ ಮೋಹನ್‌ಬಾಬು. "ಅವಳ ತಲೇಲಿ ಅವತ್ತೇ ಕೊಟ್ಟಾಯ್ತು ಅಂತ ಇದೆ. ಹಂಗೇ ಇರ್ಲಿ. ಸುಮ್ನೆ ಇಲ್ಲದ್ದು ತಲೆಗೆ ತುಂಬಿದ್ರೆ ರಗಳೆ."

"ಲೇಔಟ್ ವಿಷಯ ಗೊತ್ತಾ ಅವರಿಗೆ?"

"ಗೊತ್ತಾಗಿ ಏನು ಮಾಡ್ತಾಳೆ? ತೊಂಡೇಬಾವಿ ಸ್ಕೂಲಲ್ಲಿ ಬಿಸಿಯೂಟ ಬೇಯಿಸೋಳು. ಅವಳಿಗ್ಯಾಕೆ ಲೇಔಟು" ಎಂದು ರಮೇಶ್‌ಬಾಬು ನಕ್ಕ. ಬಾಯಲ್ಲಿ ಅಡಿಕೆ ಇತ್ತು. ನಕ್ಕಾಗ ಒಂದು ಚೂರು ಹಾರಿ ನನ್ನ ಕೀಬೋರ್ಡಿನ ಮೇಲೆ ಬಿತ್ತು. ನನ್ನ ಸಹಾಯಕಿ ಲಾವಣ್ಯ ಅದನ್ನು ಹಾಳೆಯ ತುದಿಯಿಂದ ತಳ್ಳಿದಳು.

ಹೇಳಬೇಕಾದ್ದೇನು ಎಂಬುದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಅಭ್ಯಾಸವಾಗಿ ಎಷ್ಟೋ ವರ್ಷವಾಗಿದೆ.

ಶ್ಯಾಮಲಮ್ಮ ಬಂದದ್ದು ಹನ್ನೊಂದಕ್ಕೆ. ಐವತ್ತೆರಡು ಅಂತ ಆಧಾರಿನಲ್ಲಿತ್ತು, ಹೆಚ್ಚಾಗಿಯೇ ಕಾಣುತ್ತಿದ್ದಳು. ಮುಂಗೈ ಮೇಲೆ ಬಿಸಿ ಸಾರು ಚೆಲ್ಲಿ ಸುಟ್ಟ ಗುರುತುಗಳು. ಹೆಗಲಲ್ಲಿ ದೊಡ್ಡ ಬ್ಯಾಗು.

"ಏನ್ರೋ, ಇಷ್ಟೊಂದು ಸಣ್ಣಗಾಗಿದ್ದೀರ ಇಬ್ರೂ?" ಎಂದಳು ತಮ್ಮಂದಿರನ್ನು ನೋಡಿ.

"ಅಕ್ಕಂಗೆ ಕಣ್ಣು ಪೂರ್ತಿ ಹೋಯ್ತು" ಎಂದ ಮೋಹನ್‌ಬಾಬು, ಹೊಟ್ಟೆ ಸವರಿಕೊಂಡು. ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಊಟ ತಂದಿದ್ದೀನಿ. ಅವರೆಕಾಳು ಹಾಕಿ ಅಕ್ಕಿ ರೊಟ್ಟಿ. ರಮೇಶಂಗೆ ಇಷ್ಟ ಅಂತ ನಾಲ್ಕು ಗಂಟೆಗೆ ಎದ್ದು ಮಾಡ್ದೆ."

"ಆಮೇಲೆ ಆಮೇಲೆ. ಕಾನೀ, ಆಗ್ಲಿ ಅಕ್ಕಾ, ಮೊದ್ಲು ಕೂತ್ಕೋ."

ಲಾವಣ್ಯ ತಟ್ಟೆ ತಂದಿಟ್ಟಳು. ಪೂರ್ವಕ್ಕೆ ಮುಖ ಮಾಡಿಸಿ ಕುರ್ಚಿ ತಿರುಗಿಸಿದಳು. ಇದೆಲ್ಲ ನಾನು ಕಲಿಸಿದ್ದೇ. ಮೋಹನ್‌ಬಾಬು ಹಣೆಗೆ ಕುಂಕುಮ ಕೊಟ್ಟು, ಬೊಗಸೆಯಿಂದ ಅಕ್ಕಿ ಸುರಿದ. ರಮೇಶ್‌ಬಾಬು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಸೀರೆಯ ಕವರು ಇಟ್ಟ. ಶ್ಯಾಮಲಮ್ಮನ ಕಣ್ಣು ತುಂಬಿ ಬಂತು. ಇದನ್ನು ನಾನು ಅಳು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಅಮ್ಮ ಹೋದ್ಮೇಲೆ ಯಾರೂ ನಂಗೆ ಮಡ್ಲಕ್ಕಿ ಹಾಕಿರ್ಲಿಲ್ಲ ಕಣ್ರಮ್ಮ" ಎಂದಳು ನನಗೆ. "ಮೂರು ವರ್ಷ ಆಯ್ತು ಊರಿಗೆ ಕರ್ದು."

ಲಾವಣ್ಯ ಪತ್ರ ಮುಂದಿಟ್ಟು ಪೆನ್ನು ಕೊಟ್ಟಳು. ಶ್ಯಾಮಲಮ್ಮ ಪೆನ್ನು ಹಿಡಿದು ಹಾಳೆಯನ್ನು ನೋಡಿದಳು. ನಾಲ್ಕನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಕೂಡಿಸಿ ಮೊದಲ ಸಾಲು ತುಟಿಯಲ್ಲೇ ಓದಿದಳು. ಆಮೇಲೆ ತಲೆಯೆತ್ತಿ ನನ್ನನ್ನೇ ಕೇಳಿದಳು.

"ಅಪ್ಪ ಹೋದಾಗ ನಿಮ್ಮ ಹತ್ರಾನೇ ಬಂದು ಸಹಿ ಹಾಕಿದ್ನಲ್ಲ ತನುಜಮ್ಮ. ಅವತ್ತೇ ನಂದೆಲ್ಲ ಹೋಯ್ತಲ್ವಾ? ಈಗ ಬಿಡೋಕೆ ಇನ್ನೇನಾದ್ರೂ ಉಳಿದೈತಾ?"

ಎಷ್ಟೋ ಅಕ್ಕತಂಗಿಯರು ನನ್ನನ್ನು ಎಷ್ಟೋ ಕೇಳಿದ್ದಾರೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅವಳ ಮಾತಿನಲ್ಲಿ ಅನುಮಾನವಿರಲಿಲ್ಲ. ಬೆಲ್ಲ ಉಳಿದಿದೆಯಾ ಎಂದು ಕೇಳಿದ ಹಾಗೆ ಕೇಳಿದಳು. ಉಳಿದದ್ದು ಎಲ್ಲವೂ. ಅವಳ ಮೂರನೇ ಒಂದು ಭಾಗ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಒಂದಿಂಚೂ ಕಡಿಮೆಯಾಗದೆ ಹಾಗೇ ಇತ್ತು.

"ಏನೂ ಉಳಿದಿಲ್ಲ ಶ್ಯಾಮಲಕ್ಕ" ಎಂದೆ. "ಅವತ್ತಿನ ಕಾಗದಾನೇ ಈಗ ಕಂಪ್ಯೂಟರಿಗೆ ಏರಿಸ್ತಾರೆ, ಅಷ್ಟೇ."

ನನ್ನ ಧ್ವನಿ ಎಷ್ಟು ಹಿತವಾಗಿತ್ತೆಂಬುದು ನನಗೇ ಕೇಳಿಸಿತು. ಅಕ್ಕ ಎಂದು ಬೇರೆ ಕರೆದಿದ್ದೆ.

"ಅಷ್ಟೇನಾ" ಎಂದು ಅವಳು ಹಾಳೆ ಹಾಳೆಗೂ ಹೆಸರು ಬರೆದಳು. ಮಡಿಲ ಅಕ್ಕಿ ಚೆಲ್ಲದ ಹಾಗೆ ಎಡಗೈಯಲ್ಲಿ ಸೆರಗು ಹಿಡಿದುಕೊಂಡು, ಸ್ವಲ್ಪ ಸೊಟ್ಟಗೆ, ಶಾ ಎಂದು ತಪ್ಪು ಬರೆದು ಮತ್ತೆ ತಿದ್ದಿ. ಲಾವಣ್ಯ ಹಾಳೆ ತಿರುವುತ್ತಾ ಹೋದಳು.

ಕಚೇರಿಯಲ್ಲಿ ಅವತ್ತು ಹೊಸ ಅಧಿಕಾರಿ. ಚಿಕ್ಕ ವಯಸ್ಸು, ಕೆಲಸಕ್ಕೆ ಸೇರಿ ತಿಂಗಳಾಗಿರಬೇಕು. ಕೇಳಬೇಕಾದ್ದನ್ನು ಕೇಳಿಯೇ ಮುಂದೆ ಹೋಗುವವನು.

"ಪತ್ರ ಓದಿ ಹೇಳಿದ್ದಾರಾ ಅಮ್ಮ? ನಿಮ್ಮ ಪಾಲನ್ನ ಬಿಟ್ಟುಕೊಡ್ತಿದ್ದೀರಿ ಅಂತ ಗೊತ್ತಲ್ವಾ?"

"ನಂದೆಲ್ಲೈತೆ ಸ್ವಾಮಿ ಬಿಡೋಕೆ" ಎಂದಳು ಶ್ಯಾಮಲಮ್ಮ, ಕ್ಯಾಮೆರಾವನ್ನು ನೋಡಿಕೊಂಡು. "ಅದೆಲ್ಲ ಹತ್ತು ವರ್ಷದ ಹಿಂದೇನೇ ಹೋಯ್ತಲ್ಲ."

ಅವನ ಕೈ ಮೌಸಿನ ಮೇಲೆ ನಿಂತಿತು. "ಏನ್ ಮೇಡಂ ಇದು?" ಎಂದ ನನ್ನ ಕಡೆ ತಿರುಗಿ.

ನನ್ನ ಹಿಂದೆ ಮೋಹನ್‌ಬಾಬುವಿನ ಉಸಿರು ಕೇಳುತ್ತಿತ್ತು. ಒಂದು ಮಾತು ಸಾಕಿತ್ತು. ಅವರಿಗೆ ಗೊತ್ತಿಲ್ಲ ಸರ್, ಹೊರಗೆ ಕರೆದುಕೊಂಡು ಹೋಗಿ ತಿಳಿಸಿ ಕರೆತರುತ್ತೇನೆ, ಎನ್ನಬಹುದಿತ್ತು. ಯಾರೂ ನನ್ನನ್ನು ಗಲ್ಲಿಗೇರಿಸುತ್ತಿರಲಿಲ್ಲ. ಒಬ್ಬ ಗಿರಾಕಿ ಹೋಗುತ್ತಿದ್ದ, ಅವನು ಊರಿಗೆಲ್ಲ ಹೇಳುತ್ತಿದ್ದ, ಇನ್ನೂ ಒಂದಿಷ್ಟು ಜನ ಹೋಗುತ್ತಿದ್ದರು.

ನಾನು ನಕ್ಕೆ. "ಅಪ್ಪ ಹೋದಾಗಲೇ ಮನಸ್ಸಿನಲ್ಲಿ ಬಿಟ್ಟುಕೊಟ್ಟಿದ್ದೆ ಅಂತ ಹೇಳ್ತಿದ್ದಾರೆ ಸರ್. ತಮ್ಮಂದಿರನ್ನ ಕಂಡ್ರೆ ಪ್ರಾಣ. ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲೂ ಓದಿ ಹೇಳಿದ್ದೀನಿ."

ಅವನು ಪಕ್ಕದ ಗುಮಾಸ್ತನ ಮುಖ ನೋಡಿದ. ಗುಮಾಸ್ತ, "ತನುಜಮ್ಮನ ಪತ್ರ ಸರ್. ಅದರಲ್ಲಿ ನೋಡೋದೇನೂ ಇರಲ್ಲ" ಎಂದ.

"ನೀವು ಓದಿ ಹೇಳಿದ್ರೆ ಸರಿ ಮೇಡಂ."

ಯಂತ್ರದ ಮೇಲೆ ಶ್ಯಾಮಲಮ್ಮನ ಹೆಬ್ಬೆಟ್ಟು ಇಡಿಸಿದರು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳು, ಗೆರೆಗಳು ಸಿಗಲಿಲ್ಲ. ಮೂರು ಸಲ ಒತ್ತಿಸಿದರು. ನಾಲ್ಕನೇ ಸಲಕ್ಕೆ ನಾನೇ ಅವಳ ಬೆರಳನ್ನು ನನ್ನ ಸೆರಗಿನಿಂದ ಒರೆಸಿ, ನನ್ನ ಕೈಯಿಂದಲೇ ಅದುಮಿ ಹಿಡಿದೆ. ಹಸಿರು ದೀಪ ಹತ್ತಿತು. "ಅಯಿಪೋಯಿಂದಿ, ಮುಗೀತು" ಎಂದು ರಮೇಶ್‌ಬಾಬು ತನ್ನಷ್ಟಕ್ಕೇ ಹೇಳಿಕೊಂಡ.

ಹೊರಗೆ ಬಂದ ಕೂಡಲೇ ತಮ್ಮಂದಿರ ಫೋನು ಹೊಡೆದುಕೊಳ್ಳತೊಡಗಿತು. ಲೇಔಟಿನವರು ಊಟಕ್ಕೆ ಕರೆದಿದ್ದರು.

"ಅಕ್ಕಾ, ನೀನು ಎರಡು ಗಂಟೆ ಬಸ್ಸಿಗೆ ಹೋಗ್ಬಿಡು. ನಮ್ಗೆ ಅರ್ಜೆಂಟ್ ಕೆಲಸ ಐತೆ."

"ರೊಟ್ಟಿ ಕಣೋ..."

"ನೀನೇ ತಿನ್ನು. ಇಲ್ಲ, ತನುಜಮ್ಮಂಗೆ ಕೊಡು" ಎಂದು ಮೋಹನ್‌ಬಾಬು ಕಾರಿನ ಬಾಗಿಲು ಹಾಕಿಕೊಂಡ. ಗಾಜು ಇಳಿಸಿ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಕಾಲೇಜಿನಲ್ಲಿ ಶಾಲು ಹೊದಿಸಿದವರ ಮುಖದಲ್ಲೂ ಇದೇ ಮೆಚ್ಚುಗೆ ಇತ್ತು.

ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ಶ್ಯಾಮಲಮ್ಮ ನನ್ನ ಅಂಗಡಿಯಲ್ಲೇ ಕುಳಿತಳು. ಮಡಿಲ ಅಕ್ಕಿಯನ್ನು ಒಂದು ಕಾಳೂ ಬಿಡದೆ ಬ್ಯಾಗಿಗೆ ಸುರಿದುಕೊಂಡು, ಡಬ್ಬಿ ತೆರೆದು, ಮೇಜಿನ ಮೇಲಿದ್ದ ತಟ್ಟೆಗೆ ಎರಡು ರೊಟ್ಟಿ ಹಾಕಿ ನನ್ನ ಮುಂದಿಟ್ಟಳು. ಲಾವಣ್ಯಳಿಗೂ ಕೊಟ್ಟಳು.

"ತಿನ್ನಿ ತಾಯಿ. ಬೆಳಗಿಂದ ನನ್ನಿಂದ ನಿಮ್ಗೆ ಒಂದೇ ಸಮ ತಿರುಗಾಟ. ಆ ಆಫೀಸರ್ ಕೇಳಿದಾಗ ನಂಗೆ ಎದೆ ಹೊಡ್ಕೊಂಡು ಏನೋ ಒಂದು ಹೇಳ್ಬಿಟ್ಟೆ. ನೀವು ಇದ್ದಿದ್ದಕ್ಕೆ ಆಯ್ತು. ಒಬ್ಬಳು ಹೆಂಗಸು ಇದ್ರೆ ಹೆಂಗಸಿಗೆ ಧೈರ್ಯ."

ರೊಟ್ಟಿಯ ತುಣುಕು ಬಾಯಿಗಿಟ್ಟೆ. ಮೃದುವಾಗಿತ್ತು, ಅವರೆಕಾಳಿನ ಸೊಗಡು ಇತ್ತು. ಬಾಯಲ್ಲೇ ಅಗಿದು ಅಗಿದು ಅದು ಹಿಟ್ಟಿನ ಮುದ್ದೆಯಾಯಿತು. ನೀರು ಕುಡಿಯುವ ನೆಪ ಮಾಡಿ ಹಿಂದಿನ ಮೂಲೆಗೆ ಹೋಗಿ ಉಗುಳಿದೆ. ಲಾವಣ್ಯ ಹಿಂದೆಯೇ ಬಂದು ಮೆಲ್ಲಗೆ ಕೇಳಿದಳು.

"ಅಕ್ಕ, ಒಳಗಡೆ ಸೂಪರ್ ಹ್ಯಾಂಡಲ್ ಮಾಡಿದ್ರಂತೆ. ಗುಮಾಸ್ತರು ಹೇಳ್ತಿದ್ರು. ಅಷ್ಟು ಬೇಗ ಹೆಂಗೆ ಹೊಳೀತು ಮಾತು? ನಂಗೂ ಕಲಿಸಿ ಅಕ್ಕ, ನಾನೂ ನಿಮ್ಮ ತರ ಆಗ್ಬೇಕು."

ಅವಳ ಬಾಯಲ್ಲಿ ಶ್ಯಾಮಲಮ್ಮನ ರೊಟ್ಟಿ ಇತ್ತು. ಇಪ್ಪತ್ಮೂರು ವರ್ಷದ ಹುಡುಗಿ, ಕಣ್ಣಲ್ಲಿ ಹೊಳಪು. ಅವಳನ್ನು ಕಂಡು ನನಗೆ ಹೇಸಿಗೆಯಾಯಿತು. ತಕ್ಷಣವೇ ಗೊತ್ತಾಯಿತು, ಅವಳಲ್ಲಿ ನಾನು ಇಟ್ಟದ್ದನ್ನು ಬಿಟ್ಟು ಬೇರೇನೂ ಹೇಸಿಗೆ ಇರಲಿಲ್ಲ.

ಹೊರಗೆ ಬಂದು ಶ್ಯಾಮಲಮ್ಮನ ಎದುರು ಕುಳಿತೆ. ಹೇಳಿಬಿಟ್ಟೆ. ಹತ್ತು ವರ್ಷದ ಹಿಂದಿನ ಕಾಗದದಿಂದ ನಿಮ್ಮದೇನೂ ಹೋಗಿರಲಿಲ್ಲ. ಎಲ್ಲ ಇತ್ತು. ಇವತ್ತು ಒಂದು ಗಂಟೆಯ ತನಕ ಇತ್ತು. ಅದು ಲೇಔಟಿಗೆ ಹೋಗುತ್ತದೆ. ನೀವು ಕೇಳಿದಾಗ ನನಗೆ ಗೊತ್ತಿತ್ತು.

ಅವಳು ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ನಿಲ್ಲಿಸಿದಳು. ನಾನು ಅಳುವನ್ನು ಕಾಯುತ್ತಿದ್ದೆ. ಬೈಗುಳವನ್ನೂ ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಬಯಸುತ್ತಿದ್ದೆ.

"ಈಗ ಯಾಕೆ ಹೇಳಿದ್ರಿ?" ಎಂದಳು.

"ತಡ್ಕೊಳ್ಳೋಕೆ ಆಗ್ಲಿಲ್ಲ."

"ಹನ್ನೊಂದು ಗಂಟೇಲಿ ತಡ್ಕೊಂಡಿದ್ರಲ್ಲ."

ಲಾವಣ್ಯ ಕಂಪ್ಯೂಟರಿನ ಕಡೆ ತಿರುಗಿಕೊಂಡಳು.

"ನಂಗೆ ಗೊತ್ತಿಲ್ದೆ ಹೋಗಿದ್ರೆ ಮನೇಗೆ ಹೋಗಿ ಸೀರೆ ತೋರಿಸ್ತಿದ್ದೆ. ನನ್ನ ಮಗಳು ಹರಿತಾಗೆ, ನೋಡೇ ಮಾವಂದಿರು ಕೊಟ್ಟಿದ್ದು ಅಂತಿದ್ದೆ. ಈಗ ಅದೂ ಇಲ್ಲ. ಜಮೀನೂ ಇಲ್ಲ, ತಮ್ಮಂದಿರೂ ಇಲ್ಲ. ನಿಮ್ಮ ಹೊಟ್ಟೇಲಿದ್ದಿದ್ದನ್ನ ನನ್ನ ಮಡ್ಲಿಗೆ ಹಾಕಿ ನೀವು ಹಗುರ ಆದ್ರಿ."

ನಾನು ಹೇಳಿದ್ದು ಅವಳಿಗಾಗಿ ಅಲ್ಲ ಎಂಬುದು ಅವಳು ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಗೆದ್ದಾಗಲೂ ನಾನೇ, ಪಶ್ಚಾತ್ತಾಪಪಟ್ಟಾಗಲೂ ನಾನೇ. ಎರಡಕ್ಕೂ ಖರ್ಚಾಗಿದ್ದು ಅವಳು.

"ಏನಾದ್ರೂ ಮಾಡ್ಬೋದಾ ಇನ್ನು?" ಎಂದಳು ಡಬ್ಬಿಯ ಮುಚ್ಚಳ ಒತ್ತಿ. ಆ ಪ್ರಶ್ನೆಯಲ್ಲಿ ದೈನ್ಯವಿರಲಿಲ್ಲ.

"ಸುಳ್ಳು ಹೇಳಿ ಸಹಿ ಹಾಕಿಸಿದ್ದಾರೆ ಅಂತ ಕೋರ್ಟಿಗೆ ಹೋಗ್ಬೋದು. ಪತ್ರ ರದ್ದು ಮಾಡಿ ಅಂತ ಕೇಳ್ಬೋದು. ಜಮೀನು ಮುಂದಕ್ಕೆ ಕೈ ಬದಲಾಗೋ ಮುಂಚೆ ಹೋಗ್ಬೇಕು."

"ಸುಳ್ಳು ಹೇಳಿದ್ರು ಅಂತ ಯಾರು ಹೇಳ್ತಾರೆ ಅಲ್ಲಿ?"

"ನಾನು."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮಾರುಕಟ್ಟೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕಿನ ತೂತು ಹುಡುಕುವ ಹಾಗೆ.

"ಬೆಳಿಗ್ಗೇನೂ ನೀವು ಹಿಂಗೇ ನನ್ನ ಕಣ್ಣು ನೋಡ್ಕೊಂಡೇ ಹೇಳಿದ್ರಿ" ಎಂದಳು. "ಬಾಯಿ ಮಾತು ಬೇಡ. ಬರ್ಕೊಡಿ."

"ಅಕ್ಕ, ಬೇಡ" ಎಂದಳು ಲಾವಣ್ಯ, ಕುರ್ಚಿಯಿಂದ ಅರ್ಧ ಎದ್ದು. "ಲೈಸೆನ್ಸ್ ಹೋಗತ್ತೆ ಅಕ್ಕ. ಅಂಗಡೀನೇ ಹೋಗತ್ತೆ. ಈಯಮ್ಮ ನಾಳೆ ತಮ್ಮಂದಿರ ಜೊತೆ ರಾಜಿ ಆಗ್ಬಿಟ್ರೆ?"

"ಆಗ್ತೀನೋ ಬಿಡ್ತೀನೋ" ಎಂದಳು ಶ್ಯಾಮಲಮ್ಮ, ಅವಳ ಕಡೆ ನೋಡದೆ. "ಕಾಗ್ದ ನನ್ನ ಹತ್ರ ಇರ್ಲಿ. ಇಷ್ಟು ದಿನ ನನ್ನ ಸಹಿ ಎಲ್ಲರ ಹತ್ರ ಇತ್ತು. ಯಾರ್ದೂ ನನ್ನ ಹತ್ರ ಇಲ್ಲ."

ಅವಳು ಕೋರ್ಟಿಗೆ ಹೋಗುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹೋದರೆ ನಾನು ಉಳಿಯುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಖಾಲಿ ಹಾಳೆ ತೆಗೆದುಕೊಂಡೆ. ಕಂಪ್ಯೂಟರ್ ಬಂದ ಮೇಲೆ ಕೈಬರಹ ಬಿಟ್ಟೇಹೋಗಿತ್ತು. ಅಕ್ಷರಗಳು ಬೇರೆ ಯಾರದೋ ಹಾಗೆ ಕಂಡವು. ತಾರೀಕು, ಅವಳ ಹೆಸರು, ನನ್ನ ಹೆಸರು, ಪತ್ರದ ನಂಬರು ಬರೆದೆ. ಆಮೇಲೆ ಹೀಗೆ ಬರೆದೆ: ಸದರಿ ಪತ್ರಕ್ಕೆ ಸಹಿ ಪಡೆಯುವ ಕಾಲಕ್ಕೆ, ಶ್ರೀಮತಿ ಶ್ಯಾಮಲಮ್ಮನವರಿಗೆ ತಮ್ಮ ಹಕ್ಕು ಬಾಧ್ಯತೆಗಳ ಬಗ್ಗೆ ಪೂರ್ಣ ಮಾಹಿತಿಯನ್ನು ನಾನು ತಿಳಿಸಿರುವುದಿಲ್ಲ.

ಹಾಳೆಯನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. ಬೀದಿಯಲ್ಲಿ ಅವಳು ಹತ್ತಬೇಕಾದ ಗೌರಿಬಿದನೂರಿನ ಬಸ್ಸು ಹಾರನ್ ಹೊಡೆಯಿತು. ಅವಳು ಅವಸರ ಮಾಡಲಿಲ್ಲ. ಕೊನೆಯ ಸಾಲನ್ನು ಎರಡು ಸಲ ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದಳು.

"ತಿಳಿಸಿರುವುದಿಲ್ಲ ಅಂತ ಬರ್ದಿದ್ದೀರಿ."

"ಹೂಂ."

"ನೀವು ತಿಳಿಸ್ದೆ ಇದ್ದಿದ್ದಲ್ಲ. ನಾನು ಕೇಳ್ದೆ. ನೀವು ಸುಳ್ಳು ಹೇಳಿದ್ರಿ. ಹಂಗೇ ಬರೀರಿ."

ಆ ಸಾಲಿನ ಮೇಲೆ ಗೆರೆ ಎಳೆದೆ. ಅದರ ಕೆಳಗೆ, ಅವಳು ನಿಂತು ನೋಡುತ್ತಿದ್ದ ಹಾಗೆಯೇ, ಅವರು ಕೇಳಿದರು, ನಾನು ಸುಳ್ಳು ಹೇಳಿದೆ, ಎಂದು ಬರೆದು ಸಹಿ ಹಾಕಿದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬರುತ್ತೇನೆ ಎಂದು ಹೇಳದೆ ಇಳಿದು ಹೋದಳು.